ಒಂದೇ ಥರದ ಎರಡು ಸಣ್ಣ ಚೂರಿ ಇವೆ, ಗಟ್ಟಿತನ ನೋಡೋಕೆ ಒಂದನ್ನು ಮುರಿಯಲೇಬೇಕಾ?

ಅಡಿಕೆಮನೆ:

ಎಲ್ಲರಿಗೂ ನಮಸ್ಕಾರ. ಸಾಗರ ತಾಲೂಕಿನಲ್ಲಿ ನಮ್ಮದು ಮೂರು ಎಕರೆ ಅಡಿಕೆ ತೋಟ. ಅಣ್ಣ ಸ್ವೀಡನ್‌ನಲ್ಲಿ ಕೆಲಸದಲ್ಲಿದ್ದಾನೆ. ಈ ಸಲ ಊರಿಗೆ ಬರುವಾಗ ನನಗೆ ಅಂತ ಎರಡು ಚೂರಿ ತಂದ. ಎರಡೂ ಮೋರಾಕ್ನಿವ್ ಕಂಪ್ಯಾನಿಯನ್, ಸ್ಟೇನ್‌ಲೆಸ್. ಮಡಿಚುವ ಚೂರಿ ಅಲ್ಲ. ಅಲಗು ಸುಮಾರು ನಾಲ್ಕು ಇಂಚು, ಬೆನ್ನಿನ ದಪ್ಪ ಎರಡೂವರೆ ಮಿಲಿಮೀಟರ್. ಪ್ಲಾಸ್ಟಿಕ್ ಒರೆ ಇದೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು. ಅಲ್ಲಿ ಇದು ದುಬಾರಿ ಸಾಮಾನೇನಲ್ಲ, ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು ದಿನಾ ಬಳಸುವಂಥದ್ದು ಅಂತ ಹೇಳಿದ.

ನನ್ನ ಕೆಲಸ ಇಷ್ಟು: ಬಾಳೆ ಎಲೆ, ಅಡಿಕೆ ಹಾಳೆ, ಮೆಣಸಿನ ಬಳ್ಳಿ ಕಟ್ಟಿದ ಹಗ್ಗ, ಡ್ರಿಪ್ ಪೈಪು, ಗೊಬ್ಬರದ ಚೀಲ. ಸಂಜೆ ಬಚ್ಚಲ ಒಲೆಗೆ ಸಣ್ಣ ಚಕ್ಕೆ ಸೀಳುವುದು. ಇಷ್ಟು ದಿನ ನಮ್ಮೂರ ಆಚಾರಿ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿಕೊಟ್ಟ ಕತ್ತಿಯಲ್ಲೇ ಎಲ್ಲ ನಡೀತಿತ್ತು. ಅದು ಭಾರ. ಮಳೆಗಾಲದಲ್ಲಿ ಒಂದು ವಾರ ಮರೆತರೆ ತುಕ್ಕು.

ಹೊಸ ಚೂರಿ ಕೈಗೆ ಹಗುರ, ತುಂಬಾ ಹರಿತ. ಆದರೆ ಪಕ್ಕದ ತೋಟದವರು ಹಿಡಿದು ನೋಡಿ, "ಇದರ ಉಕ್ಕು ಹಿಡಿಯ ತುದಿವರೆಗೂ ಹೋಗಿಲ್ಲ ಮಾರಾಯ, ಹಣ್ಣು ಹೆಚ್ಚೋಕೆ ಇಟ್ಕೋ, ಕಟ್ಟಿಗೆಗೆ ಹೊಡೆದರೆ ಎರಡು ತುಂಡು" ಅಂದರು. ಅದು ಮನಸ್ಸಲ್ಲಿ ಕೂತುಬಿಟ್ಟಿದೆ. ವಿಡಿಯೋಗಳಲ್ಲಿ ನೋಡಿದರೆ ಒಬ್ಬರು ಕಾಂಕ್ರೀಟಿಗೆ ಹೊಡೆಯುತ್ತಾರೆ, ಇನ್ನೊಬ್ಬರು ಮರಕ್ಕೆ ಚುಚ್ಚಿ ಮೇಲೆ ಹತ್ತಿ ನಿಲ್ಲುತ್ತಾರೆ. ಅದರಿಂದ ನನಗೇನು ಗೊತ್ತಾಗಬೇಕು?

ಮನೆಯಲ್ಲೇ, ಚೂರಿ ಹಾಳಾಗದ ಹಾಗೆ, ಇದು ಪೆಟ್ಟು ತಾಳುತ್ತದಾ ಅಂತ ನೋಡುವ ದಾರಿ ಇದೆಯಾ? ಅಥವಾ ಎರಡಿದೆಯಲ್ಲ, ಒಂದನ್ನು ಮುರಿದೇ ನೋಡಬೇಕಾ? ಅಣ್ಣ ತಂದದ್ದು, ಮನಸ್ಸು ಬರ್ತಿಲ್ಲ.

ಪೀಣ್ಯಫರ್ನೇಸ್:

ನಮಸ್ಕಾರ. ನಾನು ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ 22 ವರ್ಷ ಕೆಲಸ ಮಾಡಿದವನು. ಗೇರು, ಶಾಫ್ಟು, ಪಂಚು, ಡೈ ಎಲ್ಲ ಬರುತ್ತಿತ್ತು. ಕಾಯಿಸಿ, ಎಣ್ಣೆಗೆ ಅದ್ದಿ, ಆಮೇಲೆ ಮತ್ತೆ ಹದವಾಗಿ ಬಿಸಿ ಮಾಡಿ ಕೊಡುವುದು ನಮ್ಮ ಕೆಲಸ. ಚೂರಿ ನನಗೆ ಮನೆಯಲ್ಲಿನ ಹುಚ್ಚು. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಹೆಚ್ಚಿನವರು ಹರಿತ ಎಷ್ಟು ದಿನ ನಿಲ್ಲುತ್ತದೆ ಅಂತ ಕೇಳುತ್ತಾರೆ. ನೀವು ಪೆಟ್ಟು ತಾಳುತ್ತದಾ ಅಂತ ಕೇಳಿದ್ದೀರಿ. ಅವೆರಡೂ ಬೇರೆ ಬೇರೆ ಗುಣ.

ಕೋಡುಬಳೆ ಗಡಸು. ಹಲ್ಲಿಗೆ ಜೋರಾಗೇ ಸಿಗುತ್ತದೆ, ಆದರೆ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಹುಣಸೆ ಬರಲು ಅಷ್ಟು ಗಡಸಲ್ಲ, ಉಗುರಲ್ಲಿ ಗೀರಬಹುದು. ಆದರೆ ಎಷ್ಟು ಬಗ್ಗಿಸಿದರೂ ತಿರುಗಿ ನಿಲ್ಲುತ್ತದೆ. ಚೂರಿಗೆ ಎರಡೂ ಬೇಕು, ಮತ್ತು ಒಂದು ಜಾಸ್ತಿಯಾದರೆ ಇನ್ನೊಂದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ನಮ್ಮ ಶಾಪಿನಲ್ಲಿ ಗಡಸುತನಕ್ಕೆ ರಾಕ್‌ವೆಲ್ ಮಿಷನ್ ಇತ್ತು. ವಜ್ರದ ಮೊನೆಯನ್ನು 150 ಕೆ.ಜಿ. ಭಾರದಲ್ಲಿ ಒತ್ತಿ, ಎಷ್ಟು ಆಳ ಹೋಯಿತು ಅಂತ ನೋಡುವುದು. ಅರ್ಧ ನಿಮಿಷದ ಕೆಲಸ. ಪೆಟ್ಟು ತಾಳುವ ಗುಣಕ್ಕೆ ಚಾರ್ಪಿ ಮಿಷನ್. 10 ಮಿ.ಮೀ. ಅಗಲ, 10 ಮಿ.ಮೀ. ದಪ್ಪ, 55 ಮಿ.ಮೀ. ಉದ್ದದ ತುಂಡಿಗೆ ಮಧ್ಯದಲ್ಲಿ ಸಣ್ಣ ಕಚ್ಚು ಹಾಕಿ, ಲೋಲಕದ ಥರ ತೂಗುವ ಸುತ್ತಿಗೆಯಿಂದ ಒಂದೇ ಪೆಟ್ಟಿಗೆ ಮುರಿಯುವುದು. ತುಂಡು ಮುರಿದ ಮೇಲೆ ಸುತ್ತಿಗೆ ಆಚೆ ಕಡೆ ಎಷ್ಟು ಎತ್ತರ ಏರಿತು ಅನ್ನುವುದರಿಂದ, ಮುರಿಯೋಕೆ ಎಷ್ಟು ಶಕ್ತಿ ಬೇಕಾಯಿತು ಅಂತ ಲೆಕ್ಕ. ಉಕ್ಕು ಒಳ್ಳೆಯದಿದ್ದರೆ ಸುತ್ತಿಗೆ ಸುಸ್ತಾಗಿ ಸ್ವಲ್ಪವೇ ಏರುತ್ತದೆ.

ನೋಡಿ, ರಾಕ್‌ವೆಲ್ ಆದ ಮೇಲೆ ಗೇರು ಗೇರಾಗಿಯೇ ಉಳಿಯುತ್ತದೆ, ಒಂದು ಚುಕ್ಕೆ ಬಿದ್ದಿರುತ್ತದೆ ಅಷ್ಟೇ. ಚಾರ್ಪಿ ಆದ ಮೇಲೆ ಉಳಿಯುವುದು ಎರಡು ತುಂಡು. ಹಾಗಾಗಿ ದೊಡ್ಡ ಲಾಟ್ ಬಂದರೆ ಅದೇ ಉಕ್ಕಿನ ಒಂದು ತುಂಡನ್ನು ಜೊತೆಯಲ್ಲೇ ಫರ್ನೇಸಿಗೆ ಹಾಕುತ್ತಿದ್ದೆವು. ಅದಕ್ಕೆ ಕೂಪನ್ ಅಂತೀವಿ. ಗೇರು ಕಂಡ ಬಿಸಿಯನ್ನೇ ಕೂಪನ್ನೂ ಕಂಡಿರುತ್ತದೆ, ಅದೇ ಎಣ್ಣೆಗೆ ಬಿದ್ದಿರುತ್ತದೆ. ಮುರಿಯುವುದು ಕೂಪನ್ನನ್ನು. ಅದು ಚೆನ್ನಾಗಿದ್ದರೆ ಗೇರನ್ನು ನಂಬಿ ಕಳಿಸುತ್ತೇವೆ. ಸಣ್ಣ, ಕಡಿಮೆ ಬೆಲೆಯ ಚೂರಿಯಲ್ಲಿ ನನಗೆ ಇಷ್ಟವಾಗುವುದು ಇದೇ. ಎರಡು ಕೊಳ್ಳಬಹುದು. ಒಂದು ಕೂಪನ್, ಒಂದು ಸೊಂಟಕ್ಕೆ. ಹತ್ತು ಸಾವಿರದ ಚೂರಿ ಕೊಂಡವನು ಅದನ್ನು ಎಂದೂ ಪೂರ್ತಿ ತಿಳಿದುಕೊಳ್ಳುವುದಿಲ್ಲ.

ಆದರೆ ಮುರಿಯುವುದು ಕೊನೆಗೆ. ಅದಕ್ಕೆ ಮೊದಲು ಮಾಡಬೇಕಾದ್ದು ತುಂಬಾ ಇದೆ. ಅದರಲ್ಲೇ ಮುಕ್ಕಾಲು ಉತ್ತರ ಸಿಗುತ್ತದೆ.

ಮೊದಲು ಒಂದು ಹೊಸ ಅರ ತಗೊಳ್ಳಿ. ಹಿಡಿಯ ಹತ್ತಿರ, ಬೆನ್ನಿನ ಮೇಲೆ ಮೆಲ್ಲಗೆ ಒಂದು ಸಲ ಎಳೆಯಿರಿ. ಸಾಬೂನಿನ ಹಾಗೆ ತಿಂದರೆ ಉಕ್ಕು ಮೆತ್ತಗಿದೆ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ತುಂಬಾ ಗಡಸು. ನಿಮ್ಮ ಚೂರಿ ರಾಕ್‌ವೆಲ್‌ನಲ್ಲಿ 56ರಿಂದ 58ರ ಆಸುಪಾಸು. ಅರ ಸ್ವಲ್ಪವೇ ಕಚ್ಚಿ ಜಾರಬೇಕು. ಇಲ್ಲಿ ಪೆಟ್ಟಿನ ವಿಷಯ ಏನೂ ಗೊತ್ತಾಗುವುದಿಲ್ಲ, ಹದ ತಪ್ಪಿದ ಚೂರಿ ಮಾತ್ರ ಇಲ್ಲೇ ಸಿಕ್ಕಿಬೀಳುತ್ತದೆ.

ಆಮೇಲೆ ಹಿತ್ತಾಳೆ ಸರಳು. ಇದು ನನಗೆ ತುಂಬಾ ಪ್ರೀತಿಯ ಪರೀಕ್ಷೆ. ಆರು ಮಿಲಿಮೀಟರ್ ದಪ್ಪದ ಹಿತ್ತಾಳೆ ಸರಳನ್ನು ಹಲಗೆಗೆ ಅಡ್ಡ ಕಟ್ಟಿ. ಚೂರಿಯ ಬಾಯನ್ನು ಅದರ ಮೇಲೆ ಓರೆಯಾಗಿ, ಸಾಣೆ ಹಿಡಿಯುವಾಗ ಇಡುವುದಕ್ಕಿಂತ ಸ್ವಲ್ಪ ಎತ್ತಿ ಇಟ್ಟು, ಒತ್ತುತ್ತಾ ಎಳೆಯಿರಿ. ಹಿಂದೆ ದೀಪ ಇರಲಿ. ಬಾಯಿ ಸರಳಿನ ಮೇಲೆ ಹೋಗುವಾಗ ಸಣ್ಣಗೆ ಉಬ್ಬಿದ ಹಾಗೆ ಬಾಗುವುದು ಕಣ್ಣಿಗೆ ಕಾಣುತ್ತದೆ. ದಾಟಿದ ಮೇಲೆ ನೆಟ್ಟಗಾದರೆ ಹದ ಸರಿ ಇದೆ. ಬಾಗಿದ್ದು ಹಾಗೇ ಉಳಿದರೆ ಮೆತ್ತಗೆ. ಮುಕ್ಕಾದರೆ ಗಡಸು ಜಾಸ್ತಿ. ಮನೆಯಲ್ಲಿ ಕೂತು ಉಕ್ಕಿನ ಸ್ವಭಾವ ನೋಡೋಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಮೂರನೆಯದು ನಿಮ್ಮ ಹಿತ್ತಲಲ್ಲೇ ಇದೆ, ಒಣ ಬಿದಿರು. ಬಿದಿರಿನಲ್ಲಿ ಸಿಲಿಕಾ ಇರುತ್ತದೆ, ಅದರಲ್ಲೂ ಗೆಣ್ಣು ಕಲ್ಲಿನ ಥರ. ಐವತ್ತು ಸಲ ಗೆಣ್ಣಿನ ಮೇಲೆ ಹೆರೆಯಿರಿ, ಮಧ್ಯೆ ಮಧ್ಯೆ ಬಾಯನ್ನು ಬಿಸಿಲಿಗೆ ಹಿಡಿದು ನೋಡಿ. ಎಲ್ಲಿ ಬೆಳಕು ಚುಕ್ಕೆಯಾಗಿ ಮಿನುಗುತ್ತದೋ ಅಲ್ಲಿ ಮುಕ್ಕು ಅಥವಾ ಮಡಿಚು ಇದೆ.

ಆಮೇಲೆ ಸೀಳುವುದು. ಒಣ ಅಕೇಶಿಯಾ ಕಟ್ಟಿಗೆ, ನಿಮ್ಮ ಮಣಿಕಟ್ಟಿಗಿಂತ ಸ್ವಲ್ಪ ದಪ್ಪ, ಗಂಟಿಲ್ಲದ್ದು. ಚೂರಿಯನ್ನು ನಡುವೆ ಇಟ್ಟು ಮರದ ಕೊಡತಿಯಿಂದ ಬೆನ್ನಿಗೆ ಹೊಡೆಯಿರಿ. ಕಬ್ಬಿಣದ ಸುತ್ತಿಗೆ ಬೇಡವೇ ಬೇಡ. ಹತ್ತು ಸಲ ಸೀಳಿದ ಮೇಲೆ ಚೂರಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಹಿಡಿಯೊಳಗೆ ಕಟಕಟ ಅಂದರೆ ಪಕ್ಕದ ತೋಟದವರ ಮಾತು ನಿಜ. ಸದ್ದಿಲ್ಲದಿದ್ದರೆ ಅಲ್ಲ. ಕಂಪ್ಯಾನಿಯನ್‌ನಲ್ಲಿ ಉಕ್ಕಿನ ಬಾಲ ಹಿಡಿಯ ತುದಿವರೆಗೆ ಹೋಗುವುದಿಲ್ಲ, ಅದು ನಿಜ. ಆದರೆ ಮರ ಸೀಳುವಾಗ ಜಾಸ್ತಿ ಭಾರ ಬೀಳುವುದು ಹಿಡಿ ಮತ್ತು ಅಲಗು ಸೇರುವ ಜಾಗಕ್ಕೆ. ತುದಿವರೆಗೆ ಉಕ್ಕಿದ್ದೂ ಆ ಜಾಗದಲ್ಲಿ ಮುರಿದ ಚೂರಿಗಳನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತು. ದಪ್ಪದ ಲೆಕ್ಕ ಜನರಿಗೆ ಗೊತ್ತಿರುವುದಿಲ್ಲ. ಬಗ್ಗದೆ ನಿಲ್ಲುವ ಗುಣ ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತದೆ. ಇದೇ ಚೂರಿಯ ಹೆವಿ ಡ್ಯೂಟಿ ಮಾದರಿ 3.2 ಮಿ.ಮೀ. ದಪ್ಪ. ನಿಮ್ಮದು 2.5. ಕಣ್ಣಿಗೆ ಮುಕ್ಕಾಲು ಮಿಲಿಮೀಟರಿನ ವ್ಯತ್ಯಾಸವೂ ಇಲ್ಲ, ಆದರೆ ಬಗ್ಗಿಸೋಕೆ ಎರಡರಷ್ಟು ಬಲ ಬೇಕು. ಹಾಗಂತ ದಪ್ಪ ಚೂರಿ ಹಾಳೆ ಕೊಯ್ಯೋಕೆ ಚೆನ್ನಾಗಿರುವುದಿಲ್ಲ.

ಕಾಂಕ್ರೀಟಿಗೆ ಹೊಡೆಯುವ ವಿಡಿಯೋ ಬಿಟ್ಟುಬಿಡಿ. ಕಾಂಕ್ರೀಟಿಗೆ ಹೊಡೆದರೆ ಯಾವ ಬಾಯಿಯೂ ಹಾಳಾಗುತ್ತದೆ. ಹಾಗಾದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ಹೋಲಿಸೋಕೆ ಏನೂ ಉಳಿದಿರುವುದಿಲ್ಲ.

ಕಮ್ಮಾರಸಾಲೆ:

ಪೀಣ್ಯದ ಸರ್ ಹೇಳಿದ್ದು ಸರಿಯಾಗಿದೆ. ನಾನು ಸ್ವಲ್ಪ ಸೇರಿಸುತ್ತೇನೆ. ನಮ್ಮಪ್ಪ, ಅಜ್ಜ ಇಬ್ಬರೂ ಕುಲುಮೆಯವರು. ತಿದಿ ಒತ್ತುತ್ತಾ ಬೆಳೆದವನು ನಾನು.

ನಿಮ್ಮ ಆಚಾರಿ ಮಾಡಿದ ಕತ್ತಿಯನ್ನೂ ಸ್ವೀಡನ್ ಚೂರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಲಾರಿ ಪ್ಲೇಟಿನ ಕತ್ತಿಗೆ ನಾವು ಪೂರ್ತಿ ಹದ ಹಾಕುವುದಿಲ್ಲ. ಬಾಯಿ ಕಡೆ ಮಾತ್ರ ಕೆಂಪಗೆ ಕಾಯಿಸಿ, ಬಾಯಿ ಮಾತ್ರ ಅದ್ದುತ್ತೇವೆ. ಬೆನ್ನು ಮೆತ್ತಗೇ ಉಳಿಯುತ್ತದೆ. ಆಮೇಲೆ ಬೆನ್ನಲ್ಲಿ ಉಳಿದ ಬಿಸಿ ಬಾಯಿಗೆ ಹರಿದು ಬರುವುದನ್ನು ಕಾಯುತ್ತೇವೆ. ಉಜ್ಜಿ ಬೆಳ್ಳಗೆ ಮಾಡಿದ ಜಾಗದಲ್ಲಿ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಸಣ್ಣ ಚೂರಿಗೆ ಒಣಹುಲ್ಲಿನ ಬಣ್ಣ ಬಂದ ಕೂಡಲೇ ನಿಲ್ಲಿಸಬೇಕು. ಮರ ಕಡಿಯುವ ಕತ್ತಿಗೆ ಕಂದು ದಾಟಬೇಕು. ಅಪ್ಪ ಇದನ್ನು ಮುಸ್ಸಂಜೆ ಹೊತ್ತಲ್ಲೇ ಮಾಡುತ್ತಿದ್ದರು. ಬಿಸಿಲಲ್ಲಿ ಕಾದ ಕಬ್ಬಿಣದ ಕೆಂಪು ಸರಿಯಾಗಿ ಕಾಣುವುದಿಲ್ಲ.

ಹಾಗೆ ಮಾಡಿದ ಕತ್ತಿ ಬಾಗಬಹುದು, ಮುರಿಯುವುದು ಅಪರೂಪ. ಬಾಗಿದರೆ ಅಡಿಗಲ್ಲಿನ ಮೇಲಿಟ್ಟು ನಾಲ್ಕು ಬಡಿದು ನೆಟ್ಟಗೆ ಮಾಡಬಹುದು. ಫ್ಯಾಕ್ಟರಿ ಸ್ಟೇನ್‌ಲೆಸ್ ಚೂರಿ ಬೆನ್ನಿಂದ ಬಾಯಿವರೆಗೆ ಒಂದೇ ಗಡಸು. ಅದು ಬಾಗಿ ತಿರುಗಿ ಬರುತ್ತದೆ, ಮಿತಿ ದಾಟಿದರೆ ಮುರಿಯುತ್ತದೆ. ಎರಡರ ಸ್ವಭಾವವೇ ಬೇರೆ.

ಅಮೆರಿಕದ ಬ್ಲೇಡ್‌ಸ್ಮಿತ್ ಸೊಸೈಟಿ ಅಂತ ಚೂರಿ ಮಾಡುವ ಕಮ್ಮಾರರ ಸಂಘ ಇದೆ, ಅದರಲ್ಲಿ ಜರ್ನಿಮನ್ ಅನ್ನುವ ದರ್ಜೆ ಸಿಗಬೇಕಾದರೆ ಒಂದು ಪರೀಕ್ಷೆ ಇದೆ. ತೂಗಾಡುವ ಒಂದು ಇಂಚಿನ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಮರದ ರೀಪನ್ನು ಕಡಿದು ತುಂಡು ಮಾಡಬೇಕು, ಅದೂ ಎರಡು ಸಲ. ಅಷ್ಟಾದ ಮೇಲೂ ಅದೇ ಬಾಯಿ ಕೈಯ ಕೂದಲು ಬೋಳಿಸಬೇಕು. ಕೊನೆಗೆ ವೈಸಿಗೆ, ಅಂದರೆ ಬಿಗಿದು ಹಿಡಿಯುವ ಇಕ್ಕಳಕ್ಕೆ ಹಾಕಿ 90 ಡಿಗ್ರಿ ಬಗ್ಗಿಸಬೇಕು, ಮುರಿಯಬಾರದು. ಬಾಯಲ್ಲಿ ಬಿರುಕು ಬಿಡಬಹುದು, ಅಲಗಿನ ಅಗಲದ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಹೋಗಬಾರದು. ಅದು ನಮ್ಮ ಥರ ಬಾಯಿಗೆ ಮಾತ್ರ ಹದ ಹಾಕುವವರಿಗೆ ಒಗ್ಗುವ ಪರೀಕ್ಷೆ. ಜನ ಅದನ್ನೇ ಇಟ್ಟುಕೊಂಡು ಪೂರ್ತಿ ಗಡಸಿನ ಚೂರಿಯನ್ನು 90 ಡಿಗ್ರಿ ಬಗ್ಗಿಸಿ, ಮುರಿದ ಮೇಲೆ "ಕಳಪೆ" ಅಂತ ಬರೆಯುತ್ತಾರೆ. ಅನ್ಯಾಯ ಅಲ್ವಾ?

ಒಂದು ಒಳ್ಳೆಯ ವಿಷಯ. ಅಡಿಕೆ ಚೊಗರು ತಾಗಿದರೆ ನಮ್ಮ ಕತ್ತಿ ಕಪ್ಪಾಗುತ್ತದೆ, ಕೈಯೂ ಕಪ್ಪು. ಸ್ಟೇನ್‌ಲೆಸ್‌ಗೆ ಆ ತೊಂದರೆ ತುಂಬಾ ಕಡಿಮೆ. ಮಳೆಗಾಲದ ತೋಟಕ್ಕೆ ಅದು ಸಣ್ಣ ಅನುಕೂಲ ಅಲ್ಲ.

ಹೊಳೆಬದಿ:

ನನ್ನದೊಂದು ಅನುಭವ. ಆನ್‌ಲೈನಿನಲ್ಲಿ ಅಲೆಅಲೆ ಡಿಸೈನಿನ "ಡಮಾಸ್ಕಸ್" ಚೂರಿ ಕೊಂಡಿದ್ದೆ. ಮಾರಿದವರ ಹೆಸರು ಇಲ್ಲಿ ಬೇಡ. ಎರಡನೇ ವಾರ ಎಳನೀರಿನ ಚಿಪ್ಪು ಎಬ್ಬಿಸುವಾಗ ಹಿಡಿಯ ಹತ್ತಿರ ಕಟ್ ಅಂತು. ಒಳಗೆ ನೋಡಿದರೆ ಒಂದು ಸಣ್ಣ ಸರಳನ್ನು ಅಲಗಿಗೆ ವೆಲ್ಡ್ ಮಾಡಿ ಹಿಡಿಯೊಳಗೆ ತೂರಿಸಿದ್ದರು. ವೆಲ್ಡಿನ ಪಕ್ಕದಲ್ಲೇ ಮುರಿದಿತ್ತು. ಕೈ ಸ್ವಲ್ಪದರಲ್ಲಿ ಉಳಿಯಿತು. ನೀವು ಏನೇ ಪರೀಕ್ಷೆ ಮಾಡಿ, ಕೈಗೆ ದಪ್ಪ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ.

ಅಡಿಕೆಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಕೂತು ಮಾಡಿದೆ.

ಅರ ಸರ್ ಹೇಳಿದ ಹಾಗೆಯೇ, ಸ್ವಲ್ಪ ಕಚ್ಚಿ ಜಾರಿತು. ಹಿತ್ತಾಳೆ ಸರಳು ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಅಡಿ ಸಿಕ್ಕಿತು. ಬಾಯಿ ಬಾಗುವುದನ್ನು ಕಣ್ಣಾರೆ ನೋಡಿದೆ ಸರ್! ಉಕ್ಕು ಹಾಗೆ ಅಲೆಯ ಹಾಗೆ ಬಾಗಿ ವಾಪಸ್ ಬರುವುದು ನೋಡಿ ಮಗಳೂ ಹೆಂಡತಿಯೂ ಒಬ್ಬರಾದ ಮೇಲೆ ಒಬ್ಬರು ಮಾಡಿದರು. ಎಲ್ಲೂ ಮುಕ್ಕಾಗಲಿಲ್ಲ.

ಅಕೇಶಿಯಾ ಕಟ್ಟಿಗೆ ಹತ್ತಲ್ಲ, ಇಪ್ಪತ್ತೈದು ಸೀಳಿದೆ. ಹಿಡಿಯಲ್ಲಿ ಸದ್ದಿಲ್ಲ. ಕೊಡತಿ ಬಿದ್ದ ಕಡೆ ಬೆನ್ನಲ್ಲೂ ಗುರುತಿಲ್ಲ.

ಆದರೆ ಬಿದಿರಿನಲ್ಲಿ ಬೇಜಾರಾಯಿತು. ಮೂವತ್ತು ಸಲ ಹೆರೆಯುವಷ್ಟರಲ್ಲಿ ಬಾಯಲ್ಲಿ ಮೂರು ಕಡೆ ಚುಕ್ಕೆ ಮಿನುಗಿತು. ಬೆರಳಿನ ಉಗುರು ಓಡಿಸಿದರೆ ಸಿಕ್ಕಿಕೊಳ್ಳುತ್ತದೆ. ನಮ್ಮ ಆಚಾರಿ ಕತ್ತಿಗೆ ಅದೇ ಗೆಣ್ಣಿನಲ್ಲಿ ಏನೂ ಆಗಲಿಲ್ಲ. ಹಾಗಾದರೆ ಉಕ್ಕು ಕಳಪೆನಾ?

ಪೀಣ್ಯಫರ್ನೇಸ್:

ಅಲ್ಲ. ಉಕ್ಕು ಹೇಗಿದೆ ಅಂತ ಹಿತ್ತಾಳೆ ಸರಳು ಆಗಲೇ ಹೇಳಿದೆ. ಬಿದಿರಿನಲ್ಲಿ ಕಂಡದ್ದು ಬಾಯಿಯ ಆಕಾರದ ತೊಂದರೆ.

ನಿಮ್ಮ ಆಚಾರಿ ಕತ್ತಿಯ ಬಾಯನ್ನು ಹತ್ತಿರದಿಂದ ನೋಡಿ. ದಪ್ಪಗೆ, ಸ್ವಲ್ಪ ಉರುಟಾಗಿ ಇಳಿದಿರುತ್ತದೆ. ಮೋರಾ ಚೂರಿಯಲ್ಲಿ ಒಂದೇ ಚಪ್ಪಟೆ ಇಳಿಜಾರು ನೇರವಾಗಿ ಬಾಯಿವರೆಗೆ ಹೋಗುತ್ತದೆ. ಒಂದೊಂದು ಬದಿಗೆ 12 ಡಿಗ್ರಿ ಆಸುಪಾಸು. ಮರ ಹೆರೆಯೋಕೆ ಇದಕ್ಕಿಂತ ಚೆಂದದ ಬಾಯಿ ಇಲ್ಲ, ಆದರೆ ತುತ್ತತುದಿ ಕಾಗದದಷ್ಟು ತೆಳ್ಳಗೆ. ಗೆಣ್ಣಿನಲ್ಲಿ ಸ್ವಲ್ಪ ಕೈ ತಿರುಚಿದರೂ ಅದು ಮಡಿಚುತ್ತದೆ. ಹೊಲಿಗೆ ಸೂಜಿಯನ್ನು ಗೋಣಿ ಹೊಲಿಯುವ ದಬ್ಬಣದ ಕೆಲಸಕ್ಕೆ ಹಾಕಿದ ಹಾಗೆ.

ಪರಿಹಾರ ಐದು ನಿಮಿಷದ್ದು. ನುಣುಪಾದ ಸಾಣೆಕಲ್ಲಿನ ಮೇಲೆ ಚೂರಿಯನ್ನು ಮೊದಲು ಇಳಿಜಾರಿಗೆ ಸರಿಯಾಗಿ ಮಲಗಿಸಿ, ಮುಕ್ಕು ಹೋಗುವವರೆಗೆ ತೀಡಿ. ಆಮೇಲೆ ಬೆನ್ನನ್ನು ಸ್ವಲ್ಪ ಎತ್ತಿ, 20 ಡಿಗ್ರಿ ಅಂದುಕೊಳ್ಳಿ, ಎರಡೂ ಬದಿ ಐದೈದು ಸಲ ಹಗುರವಾಗಿ. ಬಾಯಲ್ಲಿ ಕೂದಲೆಳೆಯಷ್ಟು ಅಗಲದ ಇನ್ನೊಂದು ಇಳಿಜಾರು ಬೀಳುತ್ತದೆ. ಅಷ್ಟು ಸಾಕು. ಅದೇ ಬಿದಿರಿಗೆ ಮತ್ತೆ ಹಾಕಿ ನೋಡಿ ಹೇಳಿ.

ಈ ಉಕ್ಕಿನ ಹೆಸರು 12ಸಿ27. ನೂರಕ್ಕೆ 0.6 ಇಂಗಾಲ, 13.5 ಕ್ರೋಮಿಯಂ. ನಾವು ಡೈಗಳಿಗೆ ಬಳಸುವ ಡಿ2 ಉಕ್ಕಿನಲ್ಲಿ ಇಂಗಾಲ 1.5 ಇರುತ್ತದೆ. ಅದರಲ್ಲಿ ದೊಡ್ಡ ದೊಡ್ಡ ಕಾರ್ಬೈಡ್ ಹರಳುಗಳು, ಅಂದರೆ ಇಂಗಾಲ ಲೋಹಕ್ಕೆ ಸೇರಿ ಆದ ಗಡಸು ಹರಳುಗಳು ಕೂರುತ್ತವೆ. ಅವು ಸವೆತ ತಡೆಯುತ್ತವೆ, ಹರಿತ ಜಾಸ್ತಿ ದಿನ ನಿಲ್ಲುತ್ತದೆ. ಆದರೆ ಪೆಟ್ಟು ಬಿದ್ದಾಗ ಬಿರುಕು ಶುರುವಾಗುವುದೂ ಅಂಥ ಹರಳಿನ ಪಕ್ಕದಲ್ಲೇ. 12ಸಿ27ರಲ್ಲಿ ಹರಳು ಕಡಿಮೆ, ಸಣ್ಣ. ಅದಕ್ಕೇ ತೆಳು ಬಾಯಿಗೆ ಇದು ಒಗ್ಗುತ್ತದೆ. ನಮ್ಮ ಡೈ ಶಾಪಿನವರು ಡಿ2 ಚೂರಿ ಮಾಡಿಸಿಕೊಂಡು ಹೆಮ್ಮೆಪಡುತ್ತಿದ್ದರು, ನಾನು ಬೇಡ ಅನ್ನುತ್ತಿರಲಿಲ್ಲ. ತೋಟಕ್ಕೆ ಕೇಳಿದರೆ ನಾನು ಇದನ್ನೇ ಹೇಳುವುದು.

ಚಳಿದೇಶದ ಅಣ್ಣ:

ತಮ್ಮಾ, ನಿನ್ನ ಅತ್ತಿಗೆ ಲಿಂಕ್ ಕಳಿಸಿದಳು, ಈಗ ಪೂರ್ತಿ ಓದಿದೆ. ನನಗೇ ಫೋನ್ ಮಾಡಿ ಕೇಳಬಹುದಿತ್ತಲ್ಲ! ಒಂದನ್ನು ಮುರಿ. ನಾನು ಎರಡು ತಂದದ್ದು ಶೋಕೇಸಿನಲ್ಲಿ ಇಡೋಕಲ್ಲ. ಮುಂದಿನ ಸಲ ಇನ್ನೊಂದು ತರುತ್ತೇನೆ.

ಉಳಿದವರಿಗೂ ಸ್ವಲ್ಪ ಹೇಳುತ್ತೇನೆ. ನಾನಿರುವುದು ವೆಸ್ಟೆರೋಸ್‌ನಲ್ಲಿ. ಮೋರಾ ಊರು ಇಲ್ಲಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ, ಡಾಲಾರ್ನಾ ಅನ್ನುವ ಸೀಮೆಯಲ್ಲಿ, ಸಿಲ್ಯಾನ್ ಸರೋವರದ ಪಕ್ಕ. ಚೂರಿ ಮಾಡುವುದು ಮೋರಾ ಪಕ್ಕದ ಓಸ್ಟ್‌ನೋರ್ ಹಳ್ಳಿಯಲ್ಲಿ. ಅಲ್ಲಿ 1891ರಲ್ಲಿ ಫ್ರಾಸ್ಟ್ ಅನ್ನುವವರ ಕಾರ್ಖಾನೆ ಶುರುವಾಯಿತು, 1912ರಲ್ಲಿ ಎರಿಕ್ಸನ್ ಅವರದ್ದು. 2005ರಲ್ಲಿ ಎರಡೂ ಒಂದಾದವು. ನಮ್ಮಲ್ಲಿ ಒಂದು ಕೇರಿಯಲ್ಲಿ ಮನೆಮನೆಗೂ ಮಗ್ಗ ಇದ್ದ ಹಾಗೆ, ಆ ಹಳ್ಳಿಯಲ್ಲಿ ಚೂರಿ ಕೆಲಸ.

ಇಲ್ಲಿ ಈ ಚೂರಿಗೆ ದೊಡ್ಡ ಗೌರವವೇನೂ ಕೊಡುವುದಿಲ್ಲ, ಅದೇ ನನಗೆ ಇಷ್ಟವಾದದ್ದು. ಮನೆ ಕಟ್ಟುವವರ ಸೊಂಟದಲ್ಲಿ ಇರುತ್ತದೆ. ಇನ್ಸುಲೇಷನ್ ಕತ್ತರಿಸುತ್ತಾರೆ, ಅದರಲ್ಲೇ ಪೇಂಟಿನ ಡಬ್ಬಿ ಎಬ್ಬಿಸುತ್ತಾರೆ. ಶಾಲೆಯಲ್ಲಿ ಸ್ಲೋಯ್ಡ್ ಅನ್ನುವ ಕೈಕೆಲಸದ ಪಾಠ ಎಲ್ಲ ಮಕ್ಕಳಿಗೂ ಕಡ್ಡಾಯ. ನನ್ನ ಮಗ ಚೂರಿ ಹಿಡಿದು ಮರ ಹೆರೆಯುವುದನ್ನು ಅಲ್ಲೇ ಕಲಿತ. ಹಾಗಂತ ಸುಮ್ನೆ ಸೊಂಟಕ್ಕೆ ಕಟ್ಟಿಕೊಂಡು ಪೇಟೆ ತಿರುಗುವಂತಿಲ್ಲ. ಕೆಲಸದ ಕಾರಣ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಚೂರಿ ಇಟ್ಟುಕೊಳ್ಳಬಾರದು ಅಂತ 1988ರ ಕಾನೂನು ಇದೆ. ವಿಮಾನದಲ್ಲಿ ತರುವಾಗ ಎರಡನ್ನೂ ಚೆಕ್-ಇನ್ ಪೆಟ್ಟಿಗೆಯಲ್ಲಿ, ಒರೆಯ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದೆ.

ಚಳಿಯ ವಿಷಯ ಯಾರೂ ಹೇಳಲಿಲ್ಲ. ಇಲ್ಲಿ ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದ ದಿನ ನಾನು ಚೂರಿಯಿಂದ ಏನನ್ನೂ ಮೀಟುವುದಿಲ್ಲ. ಚಳಿಗೆ ಉಕ್ಕು ಪೆಟ್ಟು ತಾಳುವುದು ಕಡಿಮೆ. ನಿನಗೆ ಆ ಚಿಂತೆ ಇಲ್ಲ.

ಪೀಣ್ಯಫರ್ನೇಸ್:

ಅಣ್ಣನವರೇ, ನೀವಿರುವ ಕಡೆಯಿಂದ ಫಾಗೆರ್ಸ್ಟಾ ದೂರ ಇಲ್ಲ, ಅಲ್ವಾ? ಬ್ರಿನೆಲ್ ಗಡಸುತನ ಪರೀಕ್ಷೆ ಕಂಡುಹಿಡಿದ ಯೋಹಾನ್ ಆಗಸ್ಟ್ ಬ್ರಿನೆಲ್ ಕೆಲಸ ಮಾಡಿದ್ದು ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ. 1900ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಅದನ್ನು ತೋರಿಸಿದರು. ನಮ್ಮ ಶಾಪಿನಲ್ಲಿ ಮೆತ್ತಗಿನ ಮಾಲಿಗೆ ದಿನಾ ಅವರ ಹೆಸರು ಹೇಳುತ್ತಿದ್ದೆವು, "ಇದು ಎಷ್ಟು ಬ್ರಿನೆಲ್ ಬಂತು?" ಅಂತ. ಒಂದು ಸಲ ಆ ಊರಿಗೆ ಹೋದರೆ ನನ್ನ ಪರವಾಗಿ ನೋಡಿ ಬನ್ನಿ.

ತಮ್ಮನವರೇ, ಅಪ್ಪಣೆ ಸಿಕ್ಕಿದೆ. ಮುರಿಯುವುದಾದರೆ ಹೀಗೆ ಮಾಡಿ. ವೆಲ್ಡಿಂಗ್ ಶಾಪಿನ ಬೆಂಚ್ ವೈಸಿಗೆ ಹೋಗಿ. ಅಲಗಿನ ಮೊನೆಯ ಕಡೆ ಒಂದೂವರೆ ಇಂಚು ವೈಸಿನಲ್ಲಿ ಹಿಡಿಯಲಿ. ಹಿಡಿಯ ಮೇಲೆ ಉದ್ದದ ಪೈಪು ತೂರಿಸಿ, ಆಗ ಕೈ ಅಲಗಿನಿಂದ ದೂರ ಇರುತ್ತದೆ. ಅಲಗಿನ ಮೇಲೆ ದಪ್ಪ ಗೋಣಿ ಹೊದಿಸಿ. ಮುರಿಯುವಾಗ ತುಂಡು ಹಾರುತ್ತದೆ, ಎದುರು ಯಾರೂ ನಿಲ್ಲಬಾರದು. ಮೆಲ್ಲಗೆ ಬಗ್ಗಿಸಿ, ಬಿಡಿ, ನೆಟ್ಟಗಾಯಿತಾ ನೋಡಿ, ಮತ್ತೆ ಸ್ವಲ್ಪ ಜಾಸ್ತಿ ಬಗ್ಗಿಸಿ. ಎಷ್ಟಕ್ಕೆ ಮುರಿಯಿತು ಅನ್ನುವುದಕ್ಕಿಂತ, ಎಷ್ಟರವರೆಗೆ ತಿರುಗಿ ನೆಟ್ಟಗಾಯಿತು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಕೆಲಸದಲ್ಲಿ ನಿಮಗೆ ಬೇಕಾಗುವುದು ಆ ಅಂಕಿ.

ಮುರಿದ ಮುಖವನ್ನು ಕೈಯಿಂದ ಮುಟ್ಟಬೇಡಿ, ಒರೆಸಬೇಡಿ. ಹಾಗೇ ಫೋಟೋ ತೆಗೆಯಿರಿ.

ಅಡಿಕೆಮನೆ:

ಭಾನುವಾರ ಮುಗಿಸಿದೆವು. ಮೊದಲು ಬಿದಿರಿನ ವಿಷಯ. ಸಣ್ಣ ಇಳಿಜಾರು ಹಾಕಿದ ಮೇಲೆ ಅದೇ ಬಿದಿರು, ಅದೇ ಗೆಣ್ಣು, ಐವತ್ತಲ್ಲ ನೂರು ಸಲ. ಒಂದು ಚುಕ್ಕೆಯೂ ಇಲ್ಲ. ಹಾಳೆ ಕೊಯ್ಯುವಾಗ ಹರಿತದಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಇಷ್ಟೊಂದು ಸಣ್ಣ ಬದಲಾವಣೆ ಅಂತ ನಂಬೋಕೆ ಆಗ್ತಿಲ್ಲ ಸರ್.

ಆಮೇಲೆ ವೈಸು. ಮಗಳ ಕೋನಮಾಪಕ ನೋಡಿ ದೊಡ್ಡ ರಟ್ಟಿನ ಮೇಲೆ ಹತ್ತು ಹತ್ತು ಡಿಗ್ರಿಗೆ ಗೆರೆ ಎಳೆದು ವೈಸಿನ ಹಿಂದೆ ನಿಲ್ಲಿಸಿದ್ದೆವು. ವೆಲ್ಡಿಂಗ್ ಶಾಪಿನವರು ಪೈಪು ಹಿಡಿದರು. ಪಕ್ಕದ ತೋಟದವರನ್ನೂ ಕರೆದುಕೊಂಡು ಹೋಗಿದ್ದೆ.

10, 20 ಡಿಗ್ರಿಗೆ ಬಿಟ್ಟ ಕೂಡಲೇ ನೆಟ್ಟಗಾಯಿತು. 30ರಲ್ಲೂ ಹಾಗೇ. 40 ಮಾಡಿ ಬಿಟ್ಟಾಗ ಸ್ವಲ್ಪ ಬಾಗು ಉಳಿಯಿತು, ಮೂರ್ನಾಲ್ಕು ಡಿಗ್ರಿ. 50ಕ್ಕೆ ಬಾಗು ಜಾಸ್ತಿಯಾಯಿತು. 60 ದಾಟುವಾಗ ಟಪ್ ಅಂತ ಹೋಯಿತು. ಮುರಿದದ್ದು ವೈಸಿನ ಬಾಯಿಯ ಹತ್ತಿರ, ಅಲಗಿನಲ್ಲಿ. ಹಿಡಿ ಹಾಗೇ ಇತ್ತು, ಸಡಿಲವೂ ಆಗಿರಲಿಲ್ಲ. ಪಕ್ಕದ ತೋಟದವರು ಏನೂ ಮಾತಾಡದೆ ಪೈಪು ತಗೊಂಡು ತಾವೇ ಒಮ್ಮೆ ಹಿಡಿಯನ್ನು ಎಳೆದು ನೋಡಿದರು.

ಕೊನೆಗೆ ಹ್ಯಾಕ್ಸಾದಿಂದ ಹಿಡಿಯನ್ನು ಉದ್ದಕ್ಕೆ ಕೊಯ್ದೆವು. ಉಕ್ಕಿನ ಬಾಲ ಹಿಡಿಯ ಮುಕ್ಕಾಲು ಭಾಗದವರೆಗೆ ಬಂದಿದೆ, ಸುತ್ತಲೂ ಪ್ಲಾಸ್ಟಿಕ್ ಗಟ್ಟಿಯಾಗಿ ಅಂಟಿಕೊಂಡಿದೆ. ಒಳಗೆ ಎಲ್ಲೂ ಪೊಳ್ಳಿಲ್ಲ.

ಮುರಿದ ಮುಖ ಬೂದು ಬಣ್ಣ, ಮಂಕಾಗಿದೆ. ಹರಳಿನ ಥರ ಏನೂ ಕಾಣುವುದಿಲ್ಲ. ಇದು ಒಳ್ಳೆಯದಾ? ಇನ್ನು ಹಿಡಿ ತೆಗೆದ ತುಂಡಿನಲ್ಲಿ ಎರಡೂವರೆ ಇಂಚು ಅಲಗು ಉಳಿದಿದೆ. ಬಿಸಾಡೋಕೆ ಮನಸ್ಸಿಲ್ಲ.

ಪೀಣ್ಯಫರ್ನೇಸ್:

ತುಂಬಾ ಒಳ್ಳೆಯದು. ಮುರಿದ ಮುಖ ಚಿರೋಟಿ ರವೆಗಿಂತ ನುಣ್ಣಗೆ, ಮಂಕು ಬೂದಿಯ ಹಾಗೆ ಕಂಡರೆ ಕಾಯಿಸಿದ್ದು ಸರಿಯಾಗಿದೆ. ಸಕ್ಕರೆಯ ಹಾಗೆ ಹರಳು ಹರಳಾಗಿ ಮಿನುಗಿದರೆ ಜಾಸ್ತಿ ಕಾಯಿಸಿ ಕೆಡಿಸಿದ್ದಾರೆ ಅಂತ. ಅಂಥ ಚೂರಿ 20 ಡಿಗ್ರಿಯನ್ನೂ ಕಾಣುತ್ತಿರಲಿಲ್ಲ. ನಿಮ್ಮದು 30ರವರೆಗೆ ಪೂರ್ತಿ ತಿರುಗಿ ಬಂದಿದೆ. ತೋಟದ ಯಾವ ಕೆಲಸದಲ್ಲೂ ನೀವು ಚೂರಿಯನ್ನು ಅಷ್ಟು ಬಗ್ಗಿಸುವುದಿಲ್ಲ. ಇನ್ನೊಂದನ್ನು ಧೈರ್ಯವಾಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಉಳಿದ ತುಂಡನ್ನು ಬಿಸಾಡಬೇಡಿ. ಎರಡೂವರೆ ಇಂಚು ಕಸಿ ಕಟ್ಟೋಕೆ, ಬಳ್ಳಿ ಬಿಡಿಸೋಕೆ ಹೇಳಿ ಮಾಡಿಸಿದ ಅಳತೆ. ಬಾಲ ಹಾಗೇ ಇದೆಯಲ್ಲ, ಹಲಸಿನ ಮರದ ಒಂದು ಹಿಡಿ ಕೂರಿಸಿ. ಮೊನೆಯನ್ನು ಗ್ರೈಂಡಿಂಗ್ ಚಕ್ರದಲ್ಲಿ ಹೊಸದಾಗಿ ಇಳಿಸಬೇಕು. ಬೆನ್ನಿನ ಕಡೆಯಿಂದ ಇಳಿಸಿ, ಬಾಯನ್ನು ಮುಟ್ಟಬೇಡಿ. ಗ್ಲೌಸು ಹಾಕದೆ ಬರಿಗೈಯಲ್ಲಿ ಅಲಗು ಹಿಡಿದುಕೊಳ್ಳಿ, ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದಿ. ಒಂದು ಸಲ ನೀಲಿ ಬಣ್ಣ ಬಂತು ಅಂದರೆ ಆ ಮೊನೆಯ ಹದ ಹೋಯಿತು, ಮತ್ತೆ ಬರುವುದಿಲ್ಲ. ಕನ್ನಡಕ ಮರೆಯಬೇಡಿ. ನೀರಿನ ಬಕೆಟ್ ಚಕ್ರದ ಪಕ್ಕದಲ್ಲೇ, ಕೈಗೆ ಸಿಗುವ ಹಾಗೆ ಇರಲಿ.